ಆಸಿಡ್‌ಗೆ ಕಂಡ ಉಕ್ಕು

ಎಲೆಕ್ಟ್ರಾನಿಕ್ಸ್ ಓದಿದವರಿಗೆಲ್ಲ ಫೆರಿಕ್ ಕ್ಲೋರೈಡ್ ಗೊತ್ತಿರುತ್ತೆ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಡಬ್ಬಿಯಲ್ಲಿ ಸಿಗುವ ಕಂದು ಹಳದಿ ಪುಡಿ. ನೀರಿಗೆ ಹಾಕಿ, ತಾಮ್ರದ ಬೋರ್ಡನ್ನು ಅದರಲ್ಲಿ ಅದ್ದಿ ಅಲ್ಲಾಡಿಸುತ್ತಾ ಕೂತರೆ ಬೇಡದ ತಾಮ್ರ ಕರಗಿ ಹೋಗಿ ಸರ್ಕ್ಯೂಟಿನ ಗೆರೆಗಳು ಮಾತ್ರ ಉಳಿಯುತ್ತವೆ. ಅಂಗಿಯ ಮೇಲೆ ಒಂದು ಹನಿ ಬಿದ್ದರೆ ಆ ಕಲೆ ಅಂಗಿಯ ಆಯಸ್ಸಿನಷ್ಟೇ ಉದ್ದ ಇರುತ್ತೆ, ಅದೂ ಗೊತ್ತಿರುತ್ತೆ.

ಅದೇ ದ್ರಾವಣವನ್ನು ಈಗ ಇನ್ನೊಂದು ಜಾತಿಯ ಜನ ಕೊಳ್ಳುತ್ತಿದ್ದಾರೆ. ವಾರಾಂತ್ಯಕ್ಕೆ ಚಾಕು ಮಾಡುವವರು. ಹಗಲೆಲ್ಲ ಕೋಡ್ ಬರೆದು, ಶನಿವಾರ ಊರಾಚೆ ಶೆಡ್ಡಿನಲ್ಲಿ ಸಣ್ಣ ಗ್ಯಾಸ್ ಕುಲುಮೆ ಹೊತ್ತಿಸುವವರು. ಅಲಗನ್ನು ತಟ್ಟಿ, ಉಜ್ಜಿ, ಕನ್ನಡಿ ಥರ ಮಾಡಿದ ಮೇಲೆ ನೀರು ಬೆರೆಸಿದ ಫೆರಿಕ್ ಕ್ಲೋರೈಡಿನಲ್ಲಿ ಕೆಲವು ನಿಮಿಷ ಅದ್ದುತ್ತಾರೆ. (ರಸಾಯನಶಾಸ್ತ್ರದವರು ಜಗಳಕ್ಕೆ ಬರೋದು ಬೇಡ. ಅದು ಕಟ್ಟುನಿಟ್ಟಾಗಿ ಆಸಿಡ್ ಅಲ್ಲ, ಒಂದು ಲವಣ. ನೀರಿನಲ್ಲಿ ಆಮ್ಲದ ಹಾಗೆ ವರ್ತಿಸುತ್ತೆ. ಶೆಡ್ಡಿನಲ್ಲಿ ಎಲ್ಲರೂ ಅದನ್ನ ಆಸಿಡ್ ಅಂತಲೇ ಕರೆಯೋದು.) ಎರಡು ಬಗೆಯ ಉಕ್ಕನ್ನು ಪದರ ಪದರವಾಗಿ ಬೆಸೆದ ಅಲಗಾದರೆ ಸ್ವಲ್ಪ ನಿಕ್ಕಲ್ ಇರುವ ಪದರ ಬೆಳ್ಳಗೆ ಉಳಿಯುತ್ತೆ, ಇನ್ನೊಂದು ಕಪ್ಪಾಗುತ್ತೆ. ಆನ್‌ಲೈನಿನಲ್ಲಿ ಡಮಾಸ್ಕಸ್ ಅನ್ನೋ ಹೆಸರಲ್ಲಿ ಮಾರುವ ಅಡುಗೆಮನೆ ಚಾಕುಗಳ ಮೇಲಿರುವ ಅಲೆ ಅಲೆ ವಿನ್ಯಾಸ ಹೆಚ್ಚಾಗಿ ಹೀಗೆ ಬಂದದ್ದು. ಅಗ್ಗದ ಕೆಲವದರಲ್ಲಿ ಅದೂ ಇಲ್ಲ, ಬರೀ ಮೇಲ್ಮೈ ಮೇಲೆ ಅಚ್ಚು ಹಾಕಿದ ಚಿತ್ರ. ಪರೀಕ್ಷೆ ಸುಲಭ. ಮರಳು ಕಾಗದದಲ್ಲಿ ವಿನ್ಯಾಸವನ್ನು ಪೂರಾ ಉಜ್ಜಿ ತೆಗೆದು ಮತ್ತೆ ಆಸಿಡ್ಡಿಗೆ ಹಾಕಿ. ನಿಜವಾದದ್ದಾದರೆ ವಿನ್ಯಾಸ ವಾಪಸ್ ಬರುತ್ತೆ. ಚಿತ್ರವಾದರೆ ಬರಲ್ಲ.

ಈ ಬರಹ ಇರೋದು ಆ 'ವಾಪಸ್ ಬರುತ್ತೆ' ಅನ್ನೋದರ ಬಗ್ಗೆ. ಆಸಿಡ್ ಏನನ್ನೂ ಹೊಸದಾಗಿ ಬರೆಯಲ್ಲ. ಉಕ್ಕಿನ ಒಳಗೆ ಮೊದಲೇ ಇರುವ ವ್ಯತ್ಯಾಸಗಳನ್ನು, ಒಂದು ಕಡೆ ಹೆಚ್ಚು ತಿಂದು ಇನ್ನೊಂದು ಕಡೆ ಕಡಿಮೆ ತಿಂದು, ಹೊರಗೆ ಹಾಕುತ್ತೆ. ಹಾಗಾಗಿ ಅದ್ದಿದವನು ಬಯಸಿದ್ದು ಒಂದು, ಕಂಡದ್ದು ಇನ್ನೊಂದು ಆಗೋದು ಈ ಕೆಲಸದಲ್ಲಿ ಮಾಮೂಲು. ನನ್ನ ಪರಿಚಯದ ಒಬ್ಬರು ಹಳೇ ಅರವೊಂದರಿಂದ ಚಾಕು ಮಾಡಿದ್ದರು. ಒಂದೇ ಉಕ್ಕು, ಪದರ ಗಿದರ ಏನಿಲ್ಲ. ಸುಮ್ಮನೆ ಬೂದು ಬಣ್ಣ ಬರಲಿ, ಬೇಗ ತುಕ್ಕು ಹಿಡಿಯದಿರಲಿ ಅಂತ ಅದ್ದಿದ್ದು. ಹೊರಗೆ ತೆಗೆದಾಗ ಬಾಯಿಯ ಉದ್ದಕ್ಕೂ, ಒಂದು ಸೆಂಟಿಮೀಟರ್ ಮೇಲೆ, ಮೋಡದ ಅಂಚಿನಂಥ ಒಂದು ಗೆರೆ. ಎಣ್ಣೆಯಲ್ಲಿ ಅದ್ದಿ ಹದ ಹಾಕಿದಾಗ ತೆಳುವಾದ ಬಾಯಿ ಬೇಗ ತಣಿದು ಪೂರ್ತಿ ಗಡಸಾಗಿತ್ತು, ದಪ್ಪನೆಯ ಬೆನ್ನು ನಿಧಾನವಾಗಿ ತಣಿದು ಮೆತ್ತಗೆ ಉಳಿದಿತ್ತು. ಆ ಎರಡರ ಗಡಿ ಅದು. ಜಪಾನಿನ ಕತ್ತಿ ಮಾಡುವವರು ಬೆನ್ನಿಗೆ ಮಣ್ಣು ಮೆತ್ತಿ, ಲೆಕ್ಕ ಹಾಕಿ ತರಿಸುವ ಗೆರೆಯನ್ನು ಇಲ್ಲಿ ಅರದ ಉಕ್ಕು ಯಾರೂ ಕೇಳದೆ ಕೊಟ್ಟಿತ್ತು. ಜೊತೆಗೆ ಹಿಡಿಕೆಯ ಹತ್ತಿರ ಒಂದು ಹೆಬ್ಬೆಟ್ಟಿನ ಗುರುತು, ಗೆರೆಗೆರೆಯಾಗಿ, ಪೊಲೀಸರು ತೆಗೆದುಕೊಂಡ ಹಾಗೆ! ಬೆರಳಿನ ಜಿಡ್ಡು ಇದ್ದಲ್ಲಿ ಆಸಿಡ್ ತಿಂದಿರಲಿಲ್ಲ.

ಇಂಥ ಅಚ್ಚರಿಗಳು ಶೆಡ್ಡಿಗೆ ಮಾತ್ರ ಸೀಮಿತ ಅಲ್ಲ. ಉಕ್ಕು ಅಂದರೆ ಏನು ಅನ್ನೋದು ಜಗತ್ತಿಗೆ ಗೊತ್ತಾಗಿದ್ದೇ ಇಂಥ ಸಾಲು ಸಾಲು ಅಚ್ಚರಿಗಳಿಂದ. ಆ ಸಾಲಿನ ನಡುಮಧ್ಯೆ ನಮ್ಮ ಭಾಷೆಯ ಒಂದು ಪದ ಕೂತಿದೆ, ಅದೂ ಕಾಗುಣಿತ ಕೆಟ್ಟು.

ಅಲಗಿಗೆ ಹುಳಿ ತಿನ್ನಿಸಿ ವಿನ್ಯಾಸ ಎಬ್ಬಿಸುವುದು ಹಳೇ ವಿದ್ಯೆ. ಪರ್ಷಿಯಾ, ಭಾರತಗಳಲ್ಲಿ ಇದಕ್ಕೆ ಬಳಸುತ್ತಿದ್ದದ್ದು ಮುಖ್ಯವಾಗಿ ಅನ್ನಭೇದಿ, ಅಂದರೆ ಕಬ್ಬಿಣದ ಸಲ್ಫೇಟ್, ಗ್ರಂಧಿಗೆ ಅಂಗಡಿಯಲ್ಲಿ ಹಸಿರು ಹರಳಾಗಿ ಸಿಗುತ್ತಿದ್ದದ್ದು. 9ನೇ ಶತಮಾನದಲ್ಲಿ ಬಾಗ್ದಾದಿನ ಅಲ್ ಕಿಂದಿ ಕತ್ತಿಗಳ ಬಗ್ಗೆಯೇ ಒಂದು ಗ್ರಂಥ ಬರೆದ. ಯಾವ ಊರಿನ ಉಕ್ಕು, ಯಾವ ಬಗೆಯ ವಿನ್ಯಾಸ, ಯಾವುದು ಅಸಲಿ, ಯಾವುದು ನಕಲಿ ಅನ್ನೋದೆಲ್ಲ ಅದರಲ್ಲಿದೆ. ಕೊಳ್ಳುವವನಿಗೆ ವಿನ್ಯಾಸ ಅಲಂಕಾರ ಆಗಿರಲಿಲ್ಲ, ಗುಣಮಟ್ಟದ ಮುದ್ರೆ ಆಗಿತ್ತು. ನಾವು ಚಿನ್ನದ ಮೇಲೆ ಹಾಲ್‌ಮಾರ್ಕ್ ಹುಡುಕುವ ಹಾಗೆ.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ಆ ಕತ್ತಿಗಳ ವಿನ್ಯಾಸ ಈಗಿನ ಡಮಾಸ್ಕಸ್ ಚಾಕುಗಳ ಹಾಗೆ ಪದರ ಬೆಸೆದು ಬಂದದ್ದಲ್ಲ. ಮಣ್ಣಿನ ಮೂಸೆಯಲ್ಲಿ ಕರಗಿಸಿ ತೆಗೆದ ಒಂದೇ ಒಂದು ಉಕ್ಕಿನ ಗಟ್ಟಿ. ಅದನ್ನು ತಟ್ಟಿ ಅಲಗು ಮಾಡಿ, ಉಜ್ಜಿ, ಹುಳಿ ತಿನ್ನಿಸಿದರೆ ನೀರಿನ ಮೇಲೆ ಗಾಳಿ ಆಡಿದಂಥ ಗೆರೆಗಳು ಏಳುತ್ತಿದ್ದವು. ಬೆಸೆದಿಲ್ಲ, ಕೆತ್ತಿಲ್ಲ, ಆದರೂ ಇವೆ. ಯೂರೋಪಿನವರಿಗೆ ಶತಮಾನಗಟ್ಟಲೆ ನಿದ್ದೆಗೆಡಿಸಿದ್ದು ಇದೇ.

ಮೊದಲ ಅಚ್ಚರಿ ಆಗಿದ್ದು ಸ್ವೀಡನ್ನಿನಲ್ಲಿ. ಅಲ್ಲಿ 1770ರ ಹೊತ್ತಿಗೆ ಪೂರ್ವದೇಶದ ಮಾದರಿಯ ಬಂದೂಕಿನ ನಳಿಗೆಗಳನ್ನು ಮಾಡುವ ಪ್ರಯತ್ನ ನಡೆದಿತ್ತು. ಕಬ್ಬಿಣ, ಉಕ್ಕಿನ ಪಟ್ಟಿಗಳನ್ನು ತಿರುಚಿ ಬೆಸೆದು, ಆಸಿಡ್ ಹಾಕಿ ವಿನ್ಯಾಸ ಎಬ್ಬಿಸುವುದು. ಸ್ವೆನ್ ರಿನ್ಮನ್ ಅನ್ನೋ ಲೋಹತಜ್ಞ ಈ ಆಸಿಡ್ ಕೆಲಸವನ್ನೇ ಹಿಡಿದು ಕೂತು 1774ರಲ್ಲಿ ಒಂದು ಪ್ರಬಂಧ ಪ್ರಕಟಿಸಿದ. ಅವನ ಕಣ್ಣಿಗೆ ಬಿದ್ದದ್ದು ವಿನ್ಯಾಸಕ್ಕಿಂತ ಕೆಳಗೆ ಉಳಿದ ಕೊಳೆ. ಆಸಿಡ್ ತಿಂದ ಮೇಲೆ ಉಕ್ಕಿನ ಮೇಲೆ ಒಂದು ಕಪ್ಪು ಮಸಿ ಉಳಿಯುತ್ತಿತ್ತು, ಮೆತ್ತನೆ ಕಬ್ಬಿಣದ ಮೇಲೆ ಅಷ್ಟು ಉಳಿಯುತ್ತಿರಲಿಲ್ಲ. ಬೇರೆಯವರಾದರೆ ಬಟ್ಟೆಯಲ್ಲಿ ಒರೆಸಿ ಮುಂದಕ್ಕೆ ಹೋಗುತ್ತಿದ್ದರು. ಅದೇ ದೇಶದ ಟೋರ್ಬೆರ್ನ್ ಬೆರ್ಗ್‌ಮನ್ 1781ರಲ್ಲಿ ಬಗೆಬಗೆಯ ಕಬ್ಬಿಣಗಳನ್ನು ಆಸಿಡ್ಡಿನಲ್ಲಿ ಕರಗಿಸಿ, ಉಳಿದ ಆ ಮಸಿಯನ್ನು ತೂಗಿದ. ಎರಕದ ಕಬ್ಬಿಣದಲ್ಲಿ ಹೆಚ್ಚು, ಉಕ್ಕಿನಲ್ಲಿ ಕಡಿಮೆ, ಮೆತ್ತನೆ ಕಬ್ಬಿಣದಲ್ಲಿ ಬಹಳ ಕಡಿಮೆ. 1786ರಲ್ಲಿ ಫ್ರಾನ್ಸಿನ ವಾಂಡರ್‌ಮಾಂಡ್, ಬೆರ್ತೊಲೆ ಮತ್ತು ಮಾಂಜ್ ಸೇರಿ ಅದು ಇಂಗಾಲ, ಉಕ್ಕನ್ನು ಉಕ್ಕಾಗಿಸುವುದು ಅದೇ ಅಂತ ಖಚಿತವಾಗಿ ಹೇಳಿದರು.

ಸಾವಿರಾರು ವರ್ಷ ಜನ ಉಕ್ಕು ಮಾಡುತ್ತಿದ್ದರು. ಬೆಂಕಿ ಕಬ್ಬಿಣವನ್ನು ಶುದ್ಧ ಮಾಡುತ್ತೆ, ಶುದ್ಧವಾದ ಕಬ್ಬಿಣವೇ ಉಕ್ಕು ಅನ್ನೋ ನಂಬಿಕೆ ಅರಿಸ್ಟಾಟಲನ ಕಾಲದಿಂದ ಬಂದಿತ್ತು. ಸತ್ಯ ತಲೆಕೆಳಗು. ಉಕ್ಕು ಅಂದರೆ ಕಬ್ಬಿಣಕ್ಕೆ ಒಂದಿಷ್ಟು ಬೆರಕೆ. ಬಂದೂಕಿನ ನಳಿಗೆ ಚೆನ್ನಾಗಿ ಕಾಣಲಿ ಅಂತ ಆಸಿಡ್ ಹಾಕಲು ಹೋಗಿ ತಿಳಿದದ್ದು ಇದು.

ಈಗ ನಮ್ಮ ಪದಕ್ಕೆ ಬರೋಣ. 1794ರಲ್ಲಿ ಬೊಂಬಾಯಿಯಲ್ಲಿದ್ದ ಡಾಕ್ಟರ್ ಹೆಲೆನಸ್ ಸ್ಕಾಟ್, ಲಂಡನ್ನಿನ ರಾಯಲ್ ಸೊಸೈಟಿಯ ಅಧ್ಯಕ್ಷ ಜೋಸೆಫ್ ಬ್ಯಾಂಕ್ಸ್‌ಗೆ ಉಕ್ಕಿನ ಕೆಲವು ಗಟ್ಟಿಗಳನ್ನು ಕಳಿಸಿಕೊಟ್ಟ. ಮರುವರ್ಷ ಜಾರ್ಜ್ ಪಿಯರ್ಸನ್ ಅದರ ಮೇಲೆ ರಾಯಲ್ ಸೊಸೈಟಿಯಲ್ಲಿ ಪ್ರಬಂಧ ಓದಿದ. ಬೊಂಬಾಯಿಯಲ್ಲಿ ತಯಾರಾಗುವ, ಅಲ್ಲಿ 'ವೂಟ್ಜ್' ಅಂತ ಕರೆಯಲಾಗುವ ಉಕ್ಕು ಅಂತ ಅದರ ಶೀರ್ಷಿಕೆಯಲ್ಲೇ ಇದೆ. ಬೊಂಬಾಯಿಯಲ್ಲಿ ಉಕ್ಕು ತಯಾರಾಗುತ್ತಿರಲಿಲ್ಲ, ಹಡಗು ಹತ್ತುತ್ತಿತ್ತು ಅಷ್ಟೇ. ತಯಾರಾಗುತ್ತಿದ್ದದ್ದು ಮೈಸೂರು ಸೀಮೆ, ಸೇಲಂ ಕಡೆ, ತೆಲಂಗಾಣದ ಹಳ್ಳಿಗಳಲ್ಲಿ. ಇನ್ನು ವೂಟ್ಜ್ ಅನ್ನೋ ಪದ ಯಾವ ಭಾಷೆಯಲ್ಲೂ ಇಲ್ಲ. 1886ರ ಹಾಬ್ಸನ್ ಜಾಬ್ಸನ್ ನಿಘಂಟು ಇದರ ಬಗ್ಗೆ ಕೊಡುವ ವಿವರಣೆ ಸರಳ: ಕನ್ನಡದ 'ಉಕ್ಕು' ಅನ್ನೋದನ್ನ ಯಾರೋ 'ವೂಕ್' ಅಂತ ಬರೆದಿರಬೇಕು, ಅದನ್ನ ಇನ್ಯಾರೋ ತಪ್ಪಾಗಿ ಓದಿ ವೂಟ್ಜ್ ಮಾಡಿರಬೇಕು. ಒಂದು ಟೈಪೋ. ಇವತ್ತಿಗೂ ಜಗತ್ತಿನ ಲೋಹಶಾಸ್ತ್ರದ ಪುಸ್ತಕಗಳಲ್ಲೆಲ್ಲ ಆ ಟೈಪೋನೇ ನಡೆಯುತ್ತಿದೆ.

ಪಿಯರ್ಸನ್‌ಗೆ ಆ ಉಕ್ಕನ್ನು ತಟ್ಟಿ ನೋಡಲು ಸಹಾಯ ಮಾಡಿದವನು ಜೇಮ್ಸ್ ಸ್ಟೋಡಾರ್ಟ್, ಲಂಡನ್ನಿನ ಸ್ಟ್ರಾಂಡ್ ಬೀದಿಯಲ್ಲಿ ಅಂಗಡಿ ಇಟ್ಟಿದ್ದ ಚಾಕು ತಯಾರಕ. ಶಸ್ತ್ರಚಿಕಿತ್ಸೆಯ ಹತಾರಗಳು, ಕ್ಷೌರದ ಕತ್ತಿಗಳು ಅವನ ಕಸುಬು. ಮೊದಮೊದಲು ಈ ಉಕ್ಕು ಇಂಗ್ಲಿಷ್ ಕಮ್ಮಾರರನ್ನು ಬಹಳ ಸತಾಯಿಸಿತು. ಅವರ ಅಭ್ಯಾಸದ ಬಿಳಿ ಕಾವಿಗೆ ಕಾಯಿಸಿ ಹೊಡೆದರೆ ಪುಡಿಪುಡಿ ಆಗುತ್ತಿತ್ತು. ಇದರಲ್ಲಿ ಇಂಗಾಲ ಶೇಕಡ ಒಂದೂವರೆಯ ಆಸುಪಾಸು. ಅಷ್ಟು ಇಂಗಾಲದ ಉಕ್ಕನ್ನು ಕೆಂಪು ಕಾವಿನಲ್ಲೇ, ತಾಳ್ಮೆಯಿಂದ, ಸಣ್ಣ ಸಣ್ಣ ಪೆಟ್ಟಿನಲ್ಲಿ ತಟ್ಟಬೇಕು. ಕಾವು ಮೀರಿದರೆ ಬಿರುಕು ಬಿಡುತ್ತೆ. ಬಿಡದಿದ್ದರೂ ಒಳಗಿನ ವಿನ್ಯಾಸ ಕರಗಿ ಹೋಗುತ್ತೆ. ಆಮೇಲೆ ಎಷ್ಟು ಆಸಿಡ್ ಹಾಕಿದರೂ ಬರೀ ಬೂದು. ಸ್ಟೋಡಾರ್ಟ್ ಪಟ್ಟು ಬಿಡದೆ ಕಲಿತ. ಯೂರೋಪಿನ ಅತ್ಯುತ್ತಮ ಉಕ್ಕಿಗಿಂತ ಇದೇ ಮೇಲು ಅಂತ ತನ್ನ ಅಂಗಡಿಯ ಕಾರ್ಡಿನಲ್ಲೇ ಅಚ್ಚು ಹಾಕಿಸಿದ.

ಅವನಿಗೆ ಜೊತೆಯಾದವನು ಒಬ್ಬ ಕಮ್ಮಾರನ ಮಗ, ಇನ್ನೂ ಮೂವತ್ತು ದಾಟಿರಲಿಲ್ಲ, ಹೆಸರು ಮೈಕೆಲ್ ಫ್ಯಾರಡೆ. ಡೈನಮೋ, ವಿದ್ಯುತ್ತು ಎಲ್ಲ ಆಮೇಲಿನ ಕಥೆ. ಆಗ ಅವನು ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ರಸಾಯನಶಾಸ್ತ್ರದ ಕೆಲಸಗಾರ. ಇಬ್ಬರೂ ಸೇರಿ ಈ ಉಕ್ಕನ್ನು ಲಂಡನ್ನಿನಲ್ಲೇ ಮಾಡಬೇಕು ಅಂತ ಹೊರಟರು. 1819ರಲ್ಲಿ ಫ್ಯಾರಡೆ ವಿಶ್ಲೇಷಣೆ ಮಾಡಿ, ಇದರ ಗುಟ್ಟು ಅಲ್ಯೂಮಿನಿಯಂ ಅಂದ. ಸರಿ, ಉಕ್ಕಿಗೆ ಅಲ್ಯೂಮಿನಿಯಂ ಸೇರಿಸಿ ನೋಡೋಣ ಅಂತ ಪ್ರಯೋಗ ಮಾಡಿದರು. ಗಟ್ಟಿಯನ್ನು ತಟ್ಟಿ, ಹೊಳಪು ಕೊಟ್ಟು, ನೀರು ಬೆರೆಸಿದ ಗಂಧಕಾಮ್ಲ ಹಾಕಿದರೆ, ಬಂತು! ಅಚ್ಚು ಭಾರತದ ಉಕ್ಕಿನ ಹಾಗೇ ಗೆರೆಗಳು.

ಅಲ್ಯೂಮಿನಿಯಂ ಅಲ್ಲ ಅದರ ಕಾರಣ. ಆ ಮಿಶ್ರಣ ಮಾಡುವ ದಾರಿಯಲ್ಲಿ ಅವರು ಮೊದಲು ಉಕ್ಕನ್ನು ಇದ್ದಿಲಿನ ಜೊತೆ ಬಹಳ ಹೊತ್ತು ಕಾಯಿಸಿ ಇಂಗಾಲ ತುಂಬಿಸಿದ್ದರು. ಅಂದರೆ ಅರಿವಿಲ್ಲದೆಯೇ ಮಾಗಡಿ ಸೀಮೆಯ ಮೂಸೆಯಲ್ಲಿ ಆಗುತ್ತಿದ್ದದ್ದನ್ನೇ ಲಂಡನ್ನಿನಲ್ಲಿ ಮಾಡಿದ್ದರು. ಫಲ ಸರಿ ಬಂದಿತ್ತು, ವಿವರಣೆ ತಪ್ಪಾಗಿತ್ತು. ಕೋಡ್ ಬರೆಯುವವರಿಗೆ ಈ ಸಂಕಟ ಹೇಳಬೇಕಾಗಿಲ್ಲ. ಏನೋ ಬದಲಾಯಿಸಿದ್ದಕ್ಕೆ ಪ್ರೋಗ್ರಾಮ್ ಸರಿಹೋಗುತ್ತೆ, ಆದರೆ ನೀವು ಅಂದುಕೊಂಡ ಕಾರಣಕ್ಕಲ್ಲ. ಹಾಗಂತ ಫ್ಯಾರಡೆ ಪೂರ್ತಿ ತಪ್ಪಲ್ಲ. ಗಟ್ಟಿ ತಣಿಯುವಾಗ ಒಳಗೆ ಹರಳುಗಳು ಹುಟ್ಟುತ್ತವೆ, ತಟ್ಟಿದಾಗ ಅವು ಎಳೆದುಕೊಂಡು ಗೆರೆಗಳಾಗುತ್ತವೆ, ಕರಗಿಸಿ ಮತ್ತೆ ಎರೆದರೂ ವಾಪಸ್ ಬರುತ್ತವೆ ಅನ್ನೋದನ್ನ ಅವರಿಬ್ಬರೂ ಸರಿಯಾಗೇ ಗುರುತಿಸಿದ್ದರು. ಪ್ಯಾರಿಸ್ಸಿನ ಟಂಕಸಾಲೆಯ ಬ್ರೆಆಂ ಇವರ ಕೆಲಸ ಓದಿ, ಮುನ್ನೂರರಷ್ಟು ಪ್ರಯೋಗ ಮಾಡಿ, 1823ರಲ್ಲಿ ಬೇಕಾದದ್ದು ಇಂಗಾಲ, ನಿಧಾನವಾಗಿ ತಣಿಸುವುದು, ಅಷ್ಟೇ ಅಂತ ತೋರಿಸಿದ.

ನನಗೆ ಇನ್ನೂ ಇಷ್ಟವಾಗುವ ಅಚ್ಚರಿ ಅವರ 1822ರ ಪ್ರಬಂಧದಲ್ಲಿದೆ. ಬೆಳ್ಳಿ, ರೋಡಿಯಂ, ಪ್ಲಾಟಿನಂ ಹೀಗೆ ಕಂಡದ್ದನ್ನೆಲ್ಲ ಉಕ್ಕಿಗೆ ಬೆರೆಸಿ ನೋಡುತ್ತಿದ್ದರು. ಪ್ಲಾಟಿನಂ ಆಸಿಡ್‌ಗೆ ಜಗ್ಗದ ಲೋಹ. ಹಾಗಾದರೆ ಪ್ಲಾಟಿನಂ ಬೆರೆತ ಉಕ್ಕು ಆಸಿಡ್‌ಗೆ ಇನ್ನಷ್ಟು ಗಟ್ಟಿಯಾಗಿ ನಿಲ್ಲಬೇಕು ಅಂತ ಯಾರಿಗಾದರೂ ಅನಿಸುತ್ತೆ. ನೀರು ಬೆರೆಸಿದ ಗಂಧಕಾಮ್ಲಕ್ಕೆ ಹಾಕಿದರೆ ಆದದ್ದು ಉಲ್ಟಾ. ಸಾದಾ ಉಕ್ಕು ಹೆಚ್ಚುಕಮ್ಮಿ ಸುಮ್ಮನೆ ಕೂತಿತ್ತು, ನೂರಕ್ಕೆ ಒಂದು ಪಾಲು ಪ್ಲಾಟಿನಂ ಬೆರೆತದ್ದು ಬುಸುಬುಸು ಗುಳ್ಳೆ ಎಬ್ಬಿಸುತ್ತಾ ಕರಗತೊಡಗಿತು. ಇವತ್ತು ಇದಕ್ಕೆ ಉತ್ತರ ಸುಲಭ. ಆಸಿಡ್ಡಿನಲ್ಲಿ ಎರಡು ಬೇರೆ ಗುಣದ ಲೋಹಗಳು ಒಂದಕ್ಕೊಂದು ತಾಗಿಕೊಂಡಿದ್ದರೆ ಅದೊಂದು ಸಣ್ಣ ಬ್ಯಾಟರಿ. ಗಟ್ಟಿ ಲೋಹ ತಾನು ಉಳಿದುಕೊಂಡು ಪಕ್ಕದವನನ್ನು ಬೇಗ ಕರಗಿಸುತ್ತೆ. ಚಾಕುವಿನ ಮೇಲೆ ವಿನ್ಯಾಸ ಏಳುವುದರಲ್ಲೂ ಇದರ ಪಾಲಿದೆ. ಉಕ್ಕಿನೊಳಗೆ ಕಬ್ಬಿಣ ಮತ್ತು ಇಂಗಾಲ ಸೇರಿ ಆದ ಗಡಸು ಕಾರ್ಬೈಡ್ ಉಳಿಯುತ್ತೆ, ಸುತ್ತಲಿನ ಕಬ್ಬಿಣ ಕರಗುತ್ತೆ. ವೂಟ್ಜ್ ಕತ್ತಿಯ ಕಪ್ಪು ನೆಲದ ಮೇಲೆ ಬೆಳ್ಳಗೆ ಹೊಳೆಯುವುದು ಆ ಕಾರ್ಬೈಡ್ ಸಾಲುಗಳು.

ಸ್ಟೋಡಾರ್ಟ್ 1823ರಲ್ಲಿ ತೀರಿಕೊಂಡ, ಫ್ಯಾರಡೆ ಬೇಗನೆ ವಿದ್ಯುತ್ತಿನ ಕಡೆ ಹೊರಳಿದ. ಅವರು ಮಾಡಿದ ಉಕ್ಕಿನ 79 ತುಣುಕುಗಳು ಒಂದು ಮರದ ಪೆಟ್ಟಿಗೆಯಲ್ಲಿ ನೂರು ವರ್ಷ ಬಿದ್ದಿದ್ದವು. ರಾಬರ್ಟ್ ಹ್ಯಾಡ್‌ಫೀಲ್ಡ್ ಅವನ್ನು ಪರೀಕ್ಷಿಸಿ 1931ರಲ್ಲಿ ಒಂದು ಪುಸ್ತಕವನ್ನೇ ತಂದ.

ಚಾಕು ಅಲ್ಲದಿದ್ದರೂ ಇನ್ನೊಂದು ಪ್ರಸಂಗ ಹೇಳದೆ ಇರಲಾರೆ. ಇಟಲಿಯ ನೇಪಲ್ಸಿನಲ್ಲಿ ನೆಲೆಸಿದ್ದ ಥಾಮ್ಸನ್ ಅನ್ನೋ ಇಂಗ್ಲಿಷಿನವನ ಹತ್ತಿರ ಸೈಬೀರಿಯಾದ ಉಲ್ಕೆಯ ಒಂದು ತುಂಡಿತ್ತು. ತುಕ್ಕು ಹಿಡಿಯುತ್ತಿತ್ತು. ತೊಳೆಯೋಣ ಅಂತ ನೈಟ್ರಿಕ್ ಆಸಿಡ್ ಹಾಕಿದ. ತುಕ್ಕು ಹೋದ ಜಾಗದಲ್ಲಿ ಒಂದಕ್ಕೊಂದು ಅಡ್ಡಡ್ಡ ಹಾಯ್ದ ಪಟ್ಟಿಗಳು, ಅಳತೆ ಇಟ್ಟು ನೇಯ್ದ ಹಾಗೆ. 1804ರಲ್ಲಿ ಅದನ್ನು ಪ್ರಕಟಿಸಿದ. ನಾಲ್ಕು ವರ್ಷದ ನಂತರ ವಿಯೆನ್ನಾದ ವಿಡ್ಮನ್‌ಸ್ಟೇಟನ್ ಉಲ್ಕೆಯನ್ನು ಬೆಂಕಿಗೆ ಹಿಡಿದು ಅದೇ ಪಟ್ಟಿಗಳನ್ನು ಕಂಡ. ಹೆಸರು ಉಳಿದದ್ದು ವಿಡ್ಮನ್‌ಸ್ಟೇಟನ್‌ದು. ಲಕ್ಷಾಂತರ ವರ್ಷ ನಿಧಾನವಾಗಿ ತಣಿದ ಕಬ್ಬಿಣ ಮತ್ತು ನಿಕ್ಕಲ್ ಮಾತ್ರ ಅಷ್ಟು ದೊಡ್ಡ ಹರಳು ಬೆಳೆಸಬಲ್ಲದು. ಯಾವ ಕುಲುಮೆಯೂ ಅಲ್ಲ.

ಉಲ್ಕೆ ಮತ್ತು ಕಲ್ಲುಗಳನ್ನು ನೋಡುತ್ತಿದ್ದವನೇ 1863ರಲ್ಲಿ ಈ ಕೆಲಸವನ್ನು ಕಬ್ಬಿಣಕ್ಕೆ ತಂದ. ಇಂಗ್ಲೆಂಡಿನ ಶೆಫೀಲ್ಡಿನ ಹೆನ್ರಿ ಕ್ಲಿಫ್ಟನ್ ಸಾರ್ಬಿ. ಊರಿನ ತುಂಬ ಚಾಕು, ಕತ್ತರಿ ಮಾಡುವ ಕಾರ್ಖಾನೆಗಳು. ಇವನು ಮನೆಯಲ್ಲಿ ಉಕ್ಕಿನ ತುಣುಕನ್ನು ಕನ್ನಡಿಯಷ್ಟು ಉಜ್ಜಿ, ಬಹಳ ತೆಳುವಾದ ನೈಟ್ರಿಕ್ ಆಸಿಡ್ಡಿನಲ್ಲಿ ಅದ್ದಿ, ಮೈಕ್ರೋಸ್ಕೋಪಿನ ಕೆಳಗೆ ಇಟ್ಟ. ಉಕ್ಕಿಗೆ ಕಲ್ಲಿನ ಹಾಗೇ ಕಣಗಳಿವೆ, ಮುತ್ತಿನ ಚಿಪ್ಪಿನಂತೆ ಹೊಳೆಯುವ ಒಂದು ಭಾಗವಿದೆ ಅಂತ ಕಂಡುಕೊಂಡ. ಈಗ ಅದನ್ನು ಪರ್ಲೈಟ್ ಅಂತೀವಿ. ಇಪ್ಪತ್ತು ವರ್ಷ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ರೈಲು ಅಪಘಾತವಾದಾಗ ಹಳಿಯನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ ಅಂದಿದ್ದರೆ ನನ್ನನ್ನು ಹುಚ್ಚಾಸ್ಪತ್ರೆಗೆ ಸೇರಿಸುತ್ತಿದ್ದರು ಅಂತ ಅವನೇ ಆಮೇಲೆ ಹೇಳಿಕೊಂಡಿದ್ದಾನೆ. ಈಗ ಯಾವ ಉಕ್ಕು ಮುರಿದರೂ ಮೊದಲು ಮಾಡುವುದು ಅದನ್ನೇ.

ಇದೆಲ್ಲ ಅಲ್ಲಿ ನಡೆಯುತ್ತಿದ್ದಾಗ ಇಲ್ಲೇನು ನಡೆಯುತ್ತಿತ್ತು? ಶ್ರೀರಂಗಪಟ್ಟಣ ಬಿದ್ದ ಮರುವರ್ಷ, 1800ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆ ಹಿಡಿದು ಫ್ರಾನ್ಸಿಸ್ ಬುಕಾನನ್ ಮೈಸೂರು ಸೀಮೆ ಸುತ್ತಿದ. ಏನು ಬೆಳೆಯುತ್ತಾರೆ, ಏನು ಮಾಡುತ್ತಾರೆ, ಎಷ್ಟು ಕಂದಾಯ ಎತ್ತಬಹುದು ಅಂತ ಬರೆದುಕೊಳ್ಳುವುದು ಅವನ ಕೆಲಸ. ಮಾಗಡಿ ಸುತ್ತಮುತ್ತ ಉಕ್ಕು ಮಾಡುವುದನ್ನು ಬಹಳ ಬಿಡಿಸಿ ಬರೆದಿದ್ದಾನೆ. ಮೆತ್ತನೆ ಕಬ್ಬಿಣದ ತುಂಡು, ಅದರ ಜೊತೆ ತೂಕ ಮಾಡಿದ ತಂಗಡಿ ಕಡ್ಡಿ, ಒಂದು ಬಳ್ಳಿಯ ಎರಡು ಹಸಿರೆಲೆ, ಇಷ್ಟನ್ನು ಹಸಿ ಮಣ್ಣಿನ ಮೂಸೆಯಲ್ಲಿಟ್ಟು ಬಾಯಿ ಮುಚ್ಚುವುದು; ಹಲವು ಮೂಸೆಗಳನ್ನು ಒಟ್ಟಿಗೆ ಇದ್ದಿಲಿನ ಬೆಂಕಿಯಲ್ಲಿಟ್ಟು ಗಂಟೆಗಟ್ಟಲೆ ತಿದಿ ಒತ್ತುವುದು. ತಂಗಡಿ ಅಂದರೆ ನಮ್ಮ ರಸ್ತೆ ಬದಿಯಲ್ಲಿ ಹಳದಿ ಹೂ ಬಿಡುವ ಆವರಿಕೆ ಗಿಡ. ಇಂಗಾಲ ಬರುತ್ತಿದ್ದದ್ದು ಅದರಿಂದ. ಚನ್ನಪಟ್ಟಣದಲ್ಲಿ ಇದೇ ಉಕ್ಕನ್ನು ತಂತಿಯಾಗಿ ಎಳೆದು ವಾದ್ಯಗಳಿಗೆ ಕಟ್ಟಲು ದೇಶದ ಮೂಲೆಮೂಲೆಗೆ ಕಳಿಸುತ್ತಿದ್ದರು ಅಂತಲೂ ಬರೆದಿದ್ದಾನೆ. ಚನ್ನಪಟ್ಟಣ ಅಂದರೆ ನಮಗೆ ಈಗ ಗೊಂಬೆ ಮಾತ್ರ.

ಬುಕಾನನ್‌ನ ಪುಸ್ತಕ 1807ರಲ್ಲಿ ಅಚ್ಚಾಯಿತು. ಅಂದರೆ ಫ್ಯಾರಡೆ ಇಂಗಾಲವನ್ನು ಬಿಟ್ಟು ಅಲ್ಯೂಮಿನಿಯಂ ಹಿಂದೆ ಬಿದ್ದ ಹೊತ್ತಿಗೆ, ಕಬ್ಬಿಣದ ಜೊತೆ ಕಟ್ಟಿಗೆ, ಎಲೆ ಇಟ್ಟು ಮುಚ್ಚುತ್ತಾರೆ ಅನ್ನೋದು ಲಂಡನ್ನಿನಲ್ಲೇ ಅಚ್ಚಾಗಿ ಹನ್ನೆರಡು ವರ್ಷವಾಗಿತ್ತು. ಮಾಡುವವರ ಮಾತು ಒಂದು ಕಪಾಟಿನಲ್ಲಿ, ಆಸಿಡ್ ಹಾಕುವವರ ಮಾತು ಇನ್ನೊಂದು ಕಪಾಟಿನಲ್ಲಿ. ಆ ಶತಮಾನ ಮುಗಿಯುವಷ್ಟರಲ್ಲಿ ಮಾಡುವವರೇ ಇರಲಿಲ್ಲ. ಕತ್ತಿ ಕೊಳ್ಳುವ ದರ್ಬಾರುಗಳು ಹೋದವು, ಇದ್ದಿಲಿಗೆ ಕಾಡು ಸಿಗದಾಯಿತು, ಹಡಗಿನಲ್ಲಿ ಬಂದಿಳಿದ ಶೆಫೀಲ್ಡಿನ ಉಕ್ಕು ಸೋವಿಯಾಗಿತ್ತು.

ವಿದ್ಯೆ ಹೋದ ಮೇಲೆ ಅದನ್ನು ವಾಪಸ್ ತರಲು ಉಳಿದ ದಾರಿ ಮತ್ತೆ ಅದೇ, ತಟ್ಟುವುದು, ಆಸಿಡ್ಡಿಗೆ ಹಾಕುವುದು, ನೋಡುವುದು. ಅಮೆರಿಕದ ಫ್ಲಾರಿಡಾದಲ್ಲಿ ಕುದುರೆಗೆ ಲಾಳ ಕಟ್ಟುತ್ತಿದ್ದ, ಚಾಕು ಮಾಡುತ್ತಿದ್ದ ಆಲ್ಫ್ರೆಡ್ ಪೆಂಡ್ರೆ ಮತ್ತು ಅಯೋವಾದ ಪ್ರೊಫೆಸರ್ ಜಾನ್ ವರ್‌ಹೋವನ್ ಹತ್ತಾರು ವರ್ಷ ಇದನ್ನೇ ಮಾಡಿದರು. ಇಂಗಾಲ ಸರಿ ಹಾಕುತ್ತಾರೆ, ಕಾವು ಸರಿ ಇಡುತ್ತಾರೆ, ಆದರೂ ಒಮ್ಮೆ ವಿನ್ಯಾಸ ಏಳುತ್ತೆ, ಇನ್ನೊಮ್ಮೆ ಏಳಲ್ಲ. ಕೆನಡಾದ ಒಂದು ಗಣಿಯ ಅದಿರಿನಿಂದ ಬಂದ ಕಬ್ಬಿಣ ಬಳಸಿದಾಗ ಮಾತ್ರ ಚೆನ್ನಾಗಿ ಏಳುತ್ತಿತ್ತು. ಅದರಲ್ಲಿದ್ದ ವಿಶೇಷ ಚಿಟಿಕೆ ವನಾಡಿಯಂ. 1998ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಅವರು ಹೇಳಿದ್ದು, ಹಳೇ ಕತ್ತಿಗಳಲ್ಲೂ ವನಾಡಿಯಂನಂಥ ಬೆರಕೆಗಳಿವೆ, ಶೇಕಡ 0.02ಕ್ಕಿಂತ ಕಡಿಮೆ ಇದ್ದರೂ ಸಾಕು. ಹತ್ತು ಕೆಜಿ ಉಕ್ಕಿನಲ್ಲಿ ಎರಡು ಗ್ರಾಂ ಕೂಡ ಬೇಡ. ಹತ್ತಾರು ಸಲ ಕಾಯಿಸಿ ತಟ್ಟುವಾಗ ಕಾರ್ಬೈಡ್ ಕಣಗಳು ಸಾಲಾಗಿ ನಿಲ್ಲುವ ಹಾಗೆ ಮಾಡುವುದು ಆ ಚೂರು ಬೆರಕೆ.

ಇದನ್ನು ಓದಿದಾಗ ನನಗೆ ಅನಿಸಿದ್ದು, ವಿದ್ಯೆಯ ಒಂದು ಪಾಲು ಕಮ್ಮಾರನ ಕೈಯಲ್ಲಿತ್ತು, ಇನ್ನೊಂದು ಪಾಲು ಅವನ ಊರಿನ ಕಲ್ಲಿನಲ್ಲಿತ್ತು. ಅವನಿಗೆ ವನಾಡಿಯಂ ಅನ್ನೋ ಹೆಸರು ಬೇಕಿರಲಿಲ್ಲ, ಆ ಹೆಸರು ಆಗ ಹುಟ್ಟಿಯೂ ಇರಲಿಲ್ಲ. ಇಂಥ ಹಳ್ಳದ ಅದಿರು ಒಳ್ಳೇದು ಅನ್ನೋದು ಸಾಕಿತ್ತು. ಆ ಹಳ್ಳ ಬರಿದಾದ ಮೇಲೆ ಅದೇ ಕೈ, ಅದೇ ತಿದಿ, ಅದೇ ತಂಗಡಿ ಕಡ್ಡಿ ಇಟ್ಟುಕೊಂಡೂ ಅಲಗು ಬರೀ ಬೂದು ಬಂದಿರಬಹುದು. ವರ್‌ಹೋವನ್ ಕೂಡ ವಿದ್ಯೆ ಕಳೆದದ್ದಕ್ಕೆ ಇದೂ ಒಂದು ಕಾರಣ ಇರಬಹುದು ಅನ್ನುತ್ತಾರೆ.

2006ರಲ್ಲಿ ಜರ್ಮನಿಯ ಡ್ರೆಸ್ಡೆನ್ನಿನಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಸ್ವಿಟ್ಜರ್ಲೆಂಡಿನ ಬೆರ್ನ್ ಮ್ಯೂಸಿಯಮ್ಮಿನಲ್ಲಿರುವ 17ನೇ ಶತಮಾನದ ಒಂದು ಕತ್ತಿ, ಮಾಡಿದವನ ಹೆಸರು ಅಸಾದ್ ಉಲ್ಲಾ. ಅದರ ಒಂದು ಚೂರನ್ನು ಹೈಡ್ರೋಕ್ಲೋರಿಕ್ ಆಸಿಡ್ಡಿನಲ್ಲಿ ಕರಗಿಸಿ, ಉಳಿದದ್ದನ್ನು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಇಂಗಾಲದ ನ್ಯಾನೋ ಕೊಳವೆಗಳು, ಕೆಲವದರ ಒಳಗೆ ಕಾರ್ಬೈಡಿನ ತಂತಿ. ನೇಚರ್ ಪತ್ರಿಕೆಯಲ್ಲಿ ಬಂತು, ನಮ್ಮ ವಾಟ್ಸಾಪಿಗೂ ಬಂತು. ನಮ್ಮ ಪೂರ್ವಿಕರಿಗೆ ನ್ಯಾನೋ ತಂತ್ರಜ್ಞಾನ ಗೊತ್ತಿತ್ತು ಅಂತ ಅದನ್ನ ಫಾರ್ವರ್ಡ್ ಮಾಡುವವರಿಗೆ ನನ್ನದೊಂದು ಕೋರಿಕೆ: ಸ್ವಲ್ಪ ತಡೀರಿ. ಆ ಕೊಳವೆಗಳಿಂದಲೇ ಕತ್ತಿಗೆ ಆ ಗುಣ ಬಂತು ಅನ್ನೋದು ಸಾಬೀತಾಗಿಲ್ಲ. ರಿನ್ಮನ್ ಕಂಡ ಮಸಿಯ ಮುಂದುವರಿದ ಕಂತು ಅದು. ಆಸಿಡ್ ತಿಂದ ಮೇಲೆ ಉಳಿದ ಅದೇ ಕರೀ ಪುಡಿ, ಈ ಸಲ ಹೆಚ್ಚು ಹತ್ತಿರದಿಂದ ನೋಡಿದ್ದು. ಪೂರ್ವಿಕರ ಬಗ್ಗೆ ಹೆಮ್ಮೆಪಡಲು ಅದಕ್ಕಿಂತ ಗಟ್ಟಿಯಾದ ಸಾಮಾನು ಮಣ್ಣಿನಲ್ಲೇ ಬಿದ್ದಿದೆ.

ಚಿತ್ರದುರ್ಗ ಜಿಲ್ಲೆಯ ಘಟ್ಟಿಹೊಸಹಳ್ಳಿಯಲ್ಲಿ ಇಂಥ ಮೂಸೆಗಳ ಚೂರುಗಳು ಸಿಕ್ಕಿವೆ, ಅವುಗಳ ಮೇಲೆ ಲೋಹಶಾಸ್ತ್ರಜ್ಞರು ಪ್ರಬಂಧ ಬರೆದಿದ್ದಾರೆ. ದಕ್ಷಿಣ ಭಾರತದ ಮೂಸೆಗಳ ಮಣ್ಣನ್ನು ತೆಳುವಾಗಿ ಕೊಯ್ದು ನೋಡಿದಾಗ ಕಂಡ ಒಂದು ವಿಷಯ, ಜೇಡಿಗೆ ಭತ್ತದ ಹೊಟ್ಟು ಬೆರೆಸಿ ಕಲಸುತ್ತಿದ್ದರು. ಹೊಟ್ಟು ಸುಟ್ಟು ಇಂಗಾಲವಾಗಿ, ಗೋಡೆಯಿಂದ ಗಾಳಿ ಒಳಗೆ ನುಸುಳದ ಹಾಗೆ ತಡೆಯುತ್ತಿತ್ತು. ಹೊಟ್ಟಿನಲ್ಲಿ ಸಿಲಿಕಾ ತುಂಬ ಇರುತ್ತೆ, ಅದಕ್ಕೆ ಅಷ್ಟು ಕಾವಿನಲ್ಲೂ ಅದರ ಅಸ್ಥಿಪಂಜರ ಹಾಗೇ ನಿಂತು ಮೂಸೆಗೆ ಬಲ ಕೊಡುತ್ತಿತ್ತು. ಇಲ್ಲಿ ಆಸಿಡ್ ಬೇಕಾಗಿಲ್ಲ. ಮೈಕ್ರೋಸ್ಕೋಪಿನ ಕೆಳಗೆ ಇಟ್ಟರೆ ಸಾಕು, ಒಂದೊಂದು ಹೊಟ್ಟಿನ ಆಕಾರವೂ ಕಾಣುತ್ತೆ.